ನೂರು ಸೀರೆ, ಒಂದೇ ಕೆಂಪು

ಬೆಳಕು ಈಗಷ್ಟೇ ಹರಿಯುತ್ತಿದೆ. ಹೆಗ್ಗೋಡಿನಿಂದ ಸ್ವಲ್ಪ ದೂರ, ರಸ್ತೆಯಂಚಿನ ತಗಡಿನ ಶೆಡ್ಡಿನಲ್ಲಿ ಒಲೆ ಆಗಲೇ ಹೊತ್ತಿಕೊಂಡಿದೆ. ಸೊಂಟದೆತ್ತರದ ತಾಮ್ರದ ಹಂಡೆಯಲ್ಲಿ ಚೊಗರು ಕುದಿಯುತ್ತಿದೆ. ಅಡಿಕೆ ಬೇಯಿಸಿದ ಮೇಲೆ ಉಳಿಯುವ ಆ ಕಡುಗೆಂಪು ನೀರೇ ಇಲ್ಲಿ ಬಣ್ಣ. ಕುಮುದಮ್ಮ ಹತ್ತು ಬಿಳಿ ಸೀರೆಗಳನ್ನು ಅದರೊಳಗೆ ಇಳಿಸಿ ಬಿದಿರಿನ ಕೋಲಿನಿಂದ ತಿರುವತೊಡಗುತ್ತಾರೆ. ಕೈ ನಿಂತರೆ ಮಡಿಕೆಯಲ್ಲಿ ಬಣ್ಣ ಕೂತು ಪಟ್ಟೆ ಬೀಳುತ್ತದೆ. ಮುಕ್ಕಾಲು ಗಂಟೆ ಆ ಕೈ ನಿಲ್ಲುವುದೇ ಇಲ್ಲ. ಸುಮ್ಮನೆ ನೋಡುತ್ತ ನಿಂತ ನನ್ನ ಭುಜವೇ ಸೋಲುತ್ತದೆ.

ಹೊರಗೆ ಹಗ್ಗದ ಮೇಲೆ ವಾರವಿಡೀ ಅದ್ದಿ ತೆಗೆದ ಸೀರೆಗಳು ಒಣಗಿವೆ. ಸೋಮವಾರದ್ದು ಯಾವುದು, ಶುಕ್ರವಾರದ್ದು ಯಾವುದು? ಎಷ್ಟು ನೋಡಿದರೂ ನನಗೆ ತಿಳಿಯುವುದಿಲ್ಲ.

"ಒಂದು ಸೀರೆಗೆ ಯಾರಾದ್ರೂ ಬಣ್ಣ ಹಾಕ್ತಾರೆ. ನೂರು ಸೀರೆ ಅಕ್ಕತಂಗೇರ ಥರ ಕಂಡ್ರೆ ಸಾಲ್ದು, ಒಂದೇ ಆಗ್ಬೇಕು," ಎನ್ನುತ್ತಾರೆ ಕುಮುದಮ್ಮ.

ಹುಂಚದ ಕಡೆಯ ಗೇಣಿ ರೈತರ ಮನೆಯ ಮಗಳು ಇವರು. ಮದುವೆಯಾಗಿ ಈ ಊರಿಗೆ ಬಂದಾಗ, ನೇಯ್ಗೆಯ ಹೆಂಗಸರ ಈ ಸಂಘದಲ್ಲಿ ಸಿಕ್ಕಿದ್ದು ಸೌದೆ ಹೊರುವ ಕೆಲಸ. "ಮಳೆಗಾಲದಾಗೆ ಹಂಡೆ ಹತ್ರ ಬೆಚ್ಚಗಿರ್ತಿತ್ತು. ಅಲ್ಲೇ ನಿಂತೆ, ನೋಡ್ತಾ ನೋಡ್ತಾ ಕಲ್ತೆ," ಎಂದು ನಗುತ್ತಾರೆ. ಚೊಗರು ವರ್ಷಕ್ಕೊಂದು ಥರ, ನೀರು ಕಾಲಕ್ಕೊಂದು ಥರ. ಹಾಗಾಗಿ ಪ್ರತಿ ಹಂಡೆಗೂ ಮೊದಲು ಒಂದು ಚಿಂದಿ ಅದ್ದಿ, ಒಣಗಿಸಿ, ಮಾದರಿ ತುಂಡಿನ ಪಕ್ಕ ಹಿಡಿದು ನೋಡಬೇಕು. ನೋಡುವುದಕ್ಕೆ ಇರುವುದು ಕಣ್ಣೊಂದೇ.

ಹೋದ ವರ್ಷ ಆ ಕಣ್ಣೇ ಕೈಕೊಟ್ಟಿತು. ಸಾಗರದಲ್ಲಿ ಬಲಗಣ್ಣಿನ ಪೊರೆ ತೆಗೆಸಿಕೊಂಡು ಶೆಡ್ಡಿಗೆ ಮರಳಿದ ದಿನ, ತಾವೇ ಬಣ್ಣ ಹಾಕಿದ ಸೀರೆಗಳನ್ನು ನೋಡಿ ಕುಮುದಮ್ಮ ಗಾಬರಿಯಾದರು. ಪೊರೆಯಿದ್ದ ಎಡಗಣ್ಣಿಗೆ ಎಲ್ಲವೂ ಮಾದರಿಯಂತೆಯೇ ಇದ್ದವು. ಬಲಗಣ್ಣಿಗೆ ಒಂದೊಂದು ಹಂಡೆಯದು ಒಂದೊಂದು ಥರ.

"ಅಕ್ಕಾ, ನಂಗೆಲ್ಲಾ ಒಂದೇ ಥರ ಕಾಣ್ತಾವಲ್ಲ," ಎಂದರು ಸಂಘದ ಲೆಕ್ಕ ನೋಡುವ ಮೇಘನಾ.

"ಬಿಸಿಲಿಗೆ ತಗೊಂಡು ಬಾ ಮಾರಾಯ್ತಿ."

ಬಿಸಿಲಿನಲ್ಲಿ ಹರಡಿದ ಮೇಲೆ ಮೇಘನಾ ತಾವೇ ಒಂದೊಂದು ಹಂಡೆಯದನ್ನು ಬೇರೆ ಬೇರೆಯಾಗಿ ಎತ್ತಿಡತೊಡಗಿದರು.

ತೀರ್ಥಹಳ್ಳಿಯ ನೂರು ಹೆಂಗಸರ ಭಜನಾ ತಂಡಕ್ಕೆ ನೇಯ್ದ ಸೀರೆಗಳವು. ಅರ್ಧ ಆಗಲೇ ಅಲ್ಲಿಗೆ ತಲುಪಿದ್ದವು. ಯಾರೂ ತಕರಾರು ಮಾಡಿರಲಿಲ್ಲ. ಮರುದಿನ ಕುಮುದಮ್ಮ ಮೊದಲ ಬಸ್ಸು ಹತ್ತಿ ತಂಡದ ಹಿರಿಯರಾದ ತುಂಗಾ ಅವರ ಮನೆಗೆ ಹೋದರು.

"ಸೀರೆ ವಾಪಸ್ ಕೊಡಿ ಅಮ್ಮಾ. ನನ್ನ ಕಣ್ಣು ಮೋಸ ಮಾಡಿತ್ತು."

"ಅಷ್ಟು ದೂರ ಕೂತು ಹಾಡು ಕೇಳೋರಿಗೆ ಇದೆಲ್ಲ ಎಲ್ಲಿ ಗೊತ್ತಾಗ್ತದೆ? ಬಿಡಿ," ಎಂದರಂತೆ ತುಂಗಾ.

"ಗೊತ್ತಾಗ್ದಿದ್ರೂ ಬೇರೆ ಬೇರೇನೇ ಅಲ್ವಾ?"

ಗಂಟು ಹೊತ್ತು ತಂದರು. ಪುಣ್ಯಕ್ಕೆ ಎಲ್ಲವೂ ಮಾದರಿಗಿಂತ ತಿಳಿಯಾಗಿದ್ದವು. ಗಾಢವಾಗಿದ್ದರೆ ಸರಿಪಡಿಸಲು ದಾರಿಯೇ ಇರಲಿಲ್ಲ. ಒಂದಕ್ಕೆ ಒಂದು ಅದ್ದು ಸಾಕಾಯಿತು, ಇನ್ನೊಂದಕ್ಕೆ ಮೂರು ಬೇಕಾಯಿತು. ಪ್ರತಿ ಸೀರೆಯನ್ನೂ ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು ಮುಚ್ಚಿ ನೋಡಿದರು. ಎರಡೂ ಕಣ್ಣು ಒಪ್ಪಿದರೆ ಮಾತ್ರ ಮಡಿಸಿಡುತ್ತಿದ್ದರು. ಒಪ್ಪದಿದ್ದರೆ ಮತ್ತೆ ಹಂಡೆಗೆ. ಇವರ ಹಟಕ್ಕೆ ಸಂಘದವರೆಲ್ಲ ಬೇಸತ್ತಿದ್ದು ನಿಜ. ಆದರೆ ಕೊನೆಯ ಸೀರೆ ಮಡಿಸಿದ ದಿನ ಒಲೆಗೆ ಸೌದೆ ಒಟ್ಟುತ್ತಿದ್ದವರೂ ಎದ್ದು ಬಂದು ಸಾಲನ್ನು ನೋಡುತ್ತ ನಿಂತರಂತೆ.

ತಂಡ ಹಾಡಿದ ಸಂಜೆ ತುಂಗಾ ಅವರೇ ಕರೆಸಿಕೊಂಡಿದ್ದರು. ಕುಮುದಮ್ಮ ಹಿಂದಿನ ಸಾಲಿನಲ್ಲಿ ಕೂತಿದ್ದರು. ಹಾಡು ಹೇಗಿತ್ತು ಎಂದು ಕೇಳುತ್ತೇನೆ.

"ಹಾಡು ನೆನಪಿಲ್ಲ ಕಣ್ರೀ," ಎನ್ನುತ್ತಾರೆ, ಕೋಲು ನಿಲ್ಲಿಸದೆ. "ನೂರು ಜನ ಒಟ್ಟಿಗೆ ಎದ್ದು ನಿಂತ್ರು ನೋಡಿ, ಒಬ್ಬರ ಸೀರೆ ಎಲ್ಲಿ ಮುಗೀತು, ಇನ್ನೊಬ್ಬರದ್ದು ಎಲ್ಲಿ ಶುರುವಾಯ್ತು ಅಂತ ನಂಗೇ ಗೊತ್ತಾಗ್ಲಿಲ್ಲ."