ಬೆಕ್ಕಿಗೆ ಬಿಟ್ಟ ಜಾಗ

ಕೆಲಸಕ್ಕೆ ಸೇರಿದ ಮೊದಲ ದಿನ ನಾನು ಕಂಪ್ಯೂಟರ್ ಕೋಣೆ ಎಲ್ಲಿ ಎಂದು ಕೇಳಿದಾಗ ಗೇಟಿನವರು ಒಂದು ಗಳಿಗೆ ಯೋಚನೆ ಮಾಡಿದರು. "ಓ, ವೈರಕ್ಕನ ಕೋಣೆಯಾ? ಮೆಟ್ಟಿಲ ಕೆಳಗೆ. ಚಪ್ಪಲಿ ಹೊರಗೆ ಬಿಡಿ, ಇಲ್ಲಾಂದ್ರೆ ಬೈಸಿಕೊಳ್ತೀರಿ" ಎಂದರು.

ಅದು ನೀರಿನ ಕೊಳವೆಗಳಿಗೆ ವಾಲ್ವ್ ಮಾಡುವ ಕಾರ್ಖಾನೆ. ಮೆಟ್ಟಿಲ ಕೆಳಗಿನ ಆ ಕೋಣೆಯಲ್ಲಿ ನಿಂತರೆ ತಲೆ ಸೂರಿಗೆ ತಗಲುತ್ತಿತ್ತು. ಒಂದು ಗೋಡೆಗೆ ಕಪಾಟಿನಂಥ ಯಂತ್ರಗಳು, ಅವುಗಳಿಂದ ಇಳಿದ ನೀಲಿ, ಹಳದಿ ವೈರುಗಳು. ಪ್ರತಿ ವೈರಿಗೂ ಬಟ್ಟೆಯ ಪಟ್ಟಿಯ ಮೇಲೆ ಹೊಲಿದ ಅಕ್ಷರದಲ್ಲಿ ಒಂದೊಂದು ಹೆಸರು. ಅಂಟಿಸಿದ ಚೀಟಿ ಬಿಸಿಗೆ ಉದುರಿಹೋಗುತ್ತದೆಂದು ವೈರಕ್ಕ ತಾವೇ ಸೂಜಿ ಹಿಡಿದು ಹೊಲಿದಿದ್ದರು. ಬೆಳಿಗ್ಗೆ ಬಂದ ಕೂಡಲೇ ಆ ವೈರುಗಳ ಮೇಲೆ ಒಂದು ಸಲ ಕೈಯಾಡಿಸಿದ ಮೇಲೆಯೇ ಅವರು ಕುರ್ಚಿಯಲ್ಲಿ ಕೂರುತ್ತಿದ್ದುದು.

ಅವರು ಇಂಜಿನಿಯರಿಂಗ್ ಓದಿದವರಲ್ಲ. ಹತ್ತೊಂಬತ್ತನೆಯ ವಯಸ್ಸಿಗೆ ಅದೇ ಕಾರ್ಖಾನೆಯಲ್ಲಿ ಟೆಲಿಫೋನ್ ಬೋರ್ಡಿನ ಮುಂದೆ ಕೂತವರು. ಆ ಕೆಲಸಕ್ಕೆ ಟೈಪಿಂಗ್ ಬರಬೇಕಿತ್ತು, ಇವರಿಗೆ ಬರುತ್ತಿರಲಿಲ್ಲ. ಹೊರಗೆ ಕಳಿಸಬೇಕೆನ್ನುವಾಗ ಉಗ್ರಾಣದ ಗುಮಾಸ್ತರು ಅಡ್ಡ ಬಂದು, "ಒಂದು ತಿಂಗಳು ಕೊಡಿ ಸಾರ್, ನಾನು ಕಲಿಸ್ತೀನಿ. ಕಲೀದಿದ್ರೆ ನನ್ನನ್ನೂ ಜೊತೆಗೇ ಕಳಿಸಿ" ಎಂದಿದ್ದರು. ಇಪ್ಪತ್ತಮೂರು ದಿನದಲ್ಲಿ ಕಲಿತರು. ಆಮೇಲೆ ಟೆಲಿಫೋನ್ ಬೋರ್ಡು ಹೋಗಿ ಕಂಪ್ಯೂಟರ್ ಬಂದಾಗ, ವೈರು ಅಂದರೆ ವೈರು ತಾನೇ ಎಂದು ಮ್ಯಾನೇಜರು ಅವರನ್ನು ಮೆಟ್ಟಿಲ ಕೆಳಗೆ ಕೂರಿಸಿದರು. ಯಂತ್ರಗಳ ಜೊತೆ ಬರುವ ದಪ್ಪ ಪುಸ್ತಕಗಳನ್ನು ಯಾರೂ ಓದುವುದಿಲ್ಲ. ವೈರಕ್ಕ ಪೆನ್ಸಿಲ್ ಹಿಡಿದು ಮೊದಲಿನಿಂದ ಕೊನೆಯವರೆಗೆ ಓದಿದ್ದರು.

ಉಗ್ರಾಣದ ಆ ಗುಮಾಸ್ತರನ್ನು ಎಲ್ಲರೂ ಎಣಿಕೆಯಣ್ಣ ಎನ್ನುತ್ತಿದ್ದರು. ಪ್ರತಿ ಮಂಗಳವಾರ ಕಪಾಟಿನಲ್ಲಿರುವ ಒಂದೊಂದು ಸಾಮಾನನ್ನೂ ಕೈಯಿಂದ ಮುಟ್ಟಿ ಎಣಿಸುವುದು ಅವರ ಪದ್ಧತಿ. ಪುಸ್ತಕದಲ್ಲಿ ಇದೆ ಎಂದಿದ್ದರೆ ಸಾಲದು, ಕಣ್ಣಿಗೆ ಕಾಣಬೇಕು. "ಹೋದ ವಾರ ಎಣಿಸಿದ್ರಲ್ಲಣ್ಣಾ?" ಎಂದು ಯಾರಾದರೂ ರೇಗಿಸಿದರೆ, "ನಿನ್ನೆ ಊಟ ಮಾಡಿದ್ರಲ್ಲ, ಇವತ್ತು ಬಿಟ್ಟುಬಿಡ್ತೀರಾ?" ಎನ್ನುತ್ತಿದ್ದರು.

ನಾನು ಸೇರಿದ ವರ್ಷವೇ ನಮ್ಮ ಬೀದಿಯ ಇನ್ನೊಂದು ಕಂಪನಿಯ ಕಂಪ್ಯೂಟರುಗಳಿಗೆ ಹೊರಗಿನವರು ಯಾರೋ ನುಗ್ಗಿ, ಎಲ್ಲ ಕಡತಗಳಿಗೂ ತಮ್ಮದೇ ಬೀಗ ಹಾಕಿಬಿಟ್ಟರು. ಹನ್ನೊಂದು ದಿನ ಅಲ್ಲಿ ಕೆಲಸ ನಿಂತಿತು. ನಮ್ಮ ಮ್ಯಾನೇಜರು ಹೆದರಿ, ಹೊರಗಿನವರನ್ನು ತಡೆಯುವ ದುಬಾರಿ ಯಂತ್ರವೊಂದನ್ನು ತರಿಸಿದರು. ಎಲ್ಲರಿಗೂ ನೆಮ್ಮದಿಯಾಯಿತು, ವೈರಕ್ಕನಿಗೆ ಮಾತ್ರ ಆಗಲಿಲ್ಲ.

"ಇದು ಬಾಗಿಲಲ್ಲಿ ನಿಂತು ಹೊರಗಿನವನನ್ನ ತಡೆಯುತ್ತೆ. ನಮ್ಮವನದೇ ಅಂಗಿ ಹಾಕ್ಕೊಂಡು ಬಂದ್ರೆ?" ಎಂದು ನನ್ನನ್ನು ಕೇಳಿದರು.

ಉತ್ತರ ಸಿಕ್ಕಿದ್ದು ಅವರ ಮನೆಯಲ್ಲಿ. ಅವರ ಅಪ್ಪ ಮೊದಲು ಒಂದು ಗೋದಾಮಿನ ಕಾವಲುಗಾರರಾಗಿದ್ದವರು. ಈಗ ಮಗಳ ಮನೆಯ ಕಿಟಕಿ ಪಕ್ಕ ಕೂತು ಬೀದಿಯನ್ನು ಕಾಯುತ್ತಿದ್ದರು, ಸಂಬಳವಿಲ್ಲದೆ. ಮಗಳ ಚಿಂತೆ ಕೇಳಿ ಅವರು ಹೇಳಿದರಂತೆ: "ನಾನು ಬೀಗ ನಂಬಿದವನಲ್ಲ ಪುಟ್ಟಿ. ಹಿಂದಿನ ಓಣಿಗೆ ಮೊಣಕಾಲೆತ್ತರಕ್ಕೆ ಒಂದು ಕಪ್ಪು ನೂಲು ಕಟ್ಟಿಬಿಡ್ತಿದ್ದೆ. ಬೀಗ ಒಡೆದವನಿಗೆ ಒಡೆದದ್ದು ಗೊತ್ತಿರುತ್ತೆ, ಹುಷಾರಾಗ್ತಾನೆ. ನೂಲು ಹರಿದವನಿಗೆ ಹರಿದದ್ದೇ ಗೊತ್ತಾಗಲ್ಲ. ಬೆಳಿಗ್ಗೆ ನೋಡಿದ್ರೆ ನನಗೆ ಗೊತ್ತು."

ಮರುದಿನ ವೈರಕ್ಕ ಮೂಲೆಗೆ ಎಸೆದಿದ್ದ ಹಳೆಯ ಕಂಪ್ಯೂಟರೊಂದನ್ನು ಒರೆಸಿ ಎತ್ತಿಟ್ಟರು. ಅದಕ್ಕೆ 'ಹಳೆಯ ನಕ್ಷೆಗಳು' ಎಂದು ಹೆಸರಿಟ್ಟು, ಎಲ್ಲ ಕಂಪ್ಯೂಟರುಗಳ ಪಟ್ಟಿಯಲ್ಲಿ ಅದೂ ಕಾಣುವಂತೆ ಮಾಡಿದರು. ಒಳಗೆ ನಾವಿಬ್ಬರೂ ಕೂತು ಬರೆದ ಇನ್ನೂರ ಹದಿನಾಲ್ಕು ಸುಳ್ಳು ನಕ್ಷೆಗಳು. ಅಂಥ ವಾಲ್ವ್ ಯಾವ ಲೋಕದಲ್ಲೂ ಇಲ್ಲ. ಕಾರ್ಖಾನೆಯಲ್ಲಿ ಯಾರಿಗೂ ಆ ಪೆಟ್ಟಿಗೆಯಲ್ಲಿ ಕೆಲಸವಿಲ್ಲ. ಹಾಗಾಗಿ ಅದನ್ನು ಮುಟ್ಟಿದವನು ಏನನ್ನೋ ಹುಡುಕುತ್ತಿರುವವನೇ. ಮುಟ್ಟಿದ ಕೂಡಲೇ ವೈರಕ್ಕನ ಮೇಜಿನ ಮೇಲೆ ಒಂದು ಗಂಟೆ ಹೊಡೆಯಬೇಕು. ಹಳೆಯ ಟೆಲಿಫೋನಿನಿಂದ ಬಿಚ್ಚಿಟ್ಟುಕೊಂಡಿದ್ದ ಹಿತ್ತಾಳೆಯ ಗಂಟೆಯನ್ನೇ ಅದಕ್ಕೆ ಜೋಡಿಸಿದರು.

ಮ್ಯಾನೇಜರಿಗೆ ಇದು ಬಹಳ ಹಿಡಿಸಿ ಮುಖ್ಯ ಕಚೇರಿಗೆ ಬರೆದರು. ಅಲ್ಲಿಂದ ಉತ್ತರ ಬಂತು: ಆರು ತಿಂಗಳು ನಡೆಸಿ ನೋಡಿ, ಸುಮ್ಮಸುಮ್ಮನೆ ಹೊಡೆಯುವ ಗಂಟೆಯಾದರೆ ಬೇಡ, ಚೆನ್ನಾಗಿ ನಡೆದರೆ ವೈರಕ್ಕನ ಹೆಸರಿನಲ್ಲಿ ಪೇಟೆಂಟಿಗೆ ಅರ್ಜಿ ಹಾಕೋಣ. ಕಾರ್ಖಾನೆಯಲ್ಲಿ ವಿಷಯ ಮೂವರಿಗೆ ಮಾತ್ರ ಗೊತ್ತಿತ್ತು: ಮ್ಯಾನೇಜರು, ವೈರಕ್ಕ, ನಾನು.

ಎರಡನೆಯ ವಾರ, ಮಂಗಳವಾರ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಗಂಟೆ ಹೊಡೆಯಿತು. ಪರದೆಯಲ್ಲಿ ನೋಡಿದರೆ, ಮುಟ್ಟಿದ್ದು ಉಗ್ರಾಣದ ಕಂಪ್ಯೂಟರ್.

ವೈರಕ್ಕ ಉಗ್ರಾಣಕ್ಕೆ ಹೋದರು, ನಾನೂ ಹಿಂದೆಯೇ ಹೋದೆ. ಎಣಿಕೆಯಣ್ಣ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಪರದೆಯ ಮುಂದೆ ಕೂತಿದ್ದರು.

"ಏನ್ ತಂಗೀ, ಪಾತಾಳದಿಂದ ಎದ್ದು ಬಂದುಬಿಟ್ಟೆ?"

"ಸುಮ್ನೆ ಬಂದೆ ಅಣ್ಣಾ. ಕಂಪ್ಯೂಟರ್ ಸರಿಯಾಗಿದ್ಯಾ?"

"ನನಗಿಂತ ಸರಿಯಾಗಿದೆ. ನನಗೆ ಕಣ್ಣು ಮಂಜು, ಅದಕ್ಕಿಲ್ಲ."

ಅಷ್ಟೇ ಮಾತು. ಕೇಳಲು ಬಾಯಿ ಬರಲಿಲ್ಲ. ಕೇಳಿದರೆ, ನಿಮ್ಮ ಮೇಲೆ ಅನುಮಾನ ಎಂದಂತಾಗುತ್ತದೆ. ಕೈತಪ್ಪಿ ಒತ್ತಿರಬೇಕು ಎಂದು ನಾವಿಬ್ಬರೂ ಸಮಾಧಾನ ಮಾಡಿಕೊಂಡೆವು. ಮುಂದಿನ ಮಂಗಳವಾರ ಅದೇ ಹೊತ್ತಿಗೆ ಮತ್ತೆ ಹೊಡೆಯಿತು.

ಮುಖ್ಯ ಕಚೇರಿಗೆ ತಿಳಿದರೆ ಸುಮ್ಮನೆ ಹೊಡೆಯುವ ಗಂಟೆ ಎನ್ನುತ್ತಾರೆ. ಮ್ಯಾನೇಜರಿಗೆ ತಿಳಿದರೆ ಅಣ್ಣನನ್ನು ಕರೆಸಿ ವಿಚಾರಿಸುತ್ತಾರೆ. ವೈರಕ್ಕ ಯಂತ್ರಕ್ಕೆ ಒಂದೇ ಒಂದು ಸಾಲು ಬರೆದರು: ಉಗ್ರಾಣದ ಕಂಪ್ಯೂಟರ್ ಮುಟ್ಟಿದರೆ ಗಂಟೆ ಹೊಡೆಯಬೇಡ. "ಅಣ್ಣ ಕಳ್ಳ ಅಲ್ಲ ಅನ್ನೋದು ನಮಗೆ ಗೊತ್ತಿದೆ. ಯಂತ್ರಕ್ಕೂ ಗೊತ್ತಾಗಲಿ" ಎಂದರು. ನನಗೂ ಅದು ಸರಿಯೆನಿಸಿತು.

ಗಂಟೆ ಸುಮ್ಮನಾಯಿತು. ನಾಲ್ಕು ತಿಂಗಳು ಕಳೆಯಿತು. ಒಂದು ಮಧ್ಯಾಹ್ನ ಎಣಿಕೆಯಣ್ಣ ಚಹಾದ ಲೋಟ ಹಿಡಿದು ನಮ್ಮ ಬಾಗಿಲಿಗೆ ಬಂದು, "ತಂಗೀ, ಆ ಹಳೆಯ ನಕ್ಷೆಗಳ ಪೆಟ್ಟಿಗೇಲಿ ಯಾರೋ ಕೈಯಾಡಿಸಿದಾರೆ ಕಣಮ್ಮಾ" ಎಂದರು. ವೈರಕ್ಕ ಗಡಿಬಿಡಿಯಿಂದ, "ಅದು ಹಳೇದು ಬಿಡಿ ಅಣ್ಣಾ. ಕಣ್ಣು ತೋರಿಸಿಕೊಂಡು ಬಂದ್ರಂತೆ, ಡಾಕ್ಟರ್ ಏನಂದ್ರು?" ಎಂದು ಮಾತು ಮರೆಸಿದರು. ಆ ಪೆಟ್ಟಿಗೆಯ ಮಾತು ಮುಂದುವರಿದರೆ ನೀವೇಕೆ ಅದನ್ನು ತೆಗೆದಿರಿ ಎಂದು ಕೇಳಬೇಕಾಗುತ್ತಿತ್ತು.

ಮೂರು ವಾರ ಕಳೆದ ಮೇಲೆ, ಒಂದು ಶುಕ್ರವಾರ, ನಮ್ಮ ಹಳೆಯ ಗಿರಾಕಿಯೊಬ್ಬರು ಮ್ಯಾನೇಜರಿಗೆ ಫೋನ್ ಮಾಡಿದರು. ಇನ್ನೂ ಮಾರುಕಟ್ಟೆಗೆ ಬಾರದ ನಮ್ಮ ಹೊಸ ವಾಲ್ವಿನ ನಕ್ಷೆಯನ್ನು ಯಾರೋ ಅವರಿಗೆ ಮಾರಲು ಬಂದಿದ್ದರಂತೆ. ಇದು ನಿಜವಾದ ನಕ್ಷೆ, ನಾವು ಬರೆದ ಸುಳ್ಳಿನದಲ್ಲ.

ಮ್ಯಾನೇಜರು ಮೆಟ್ಟಿಲ ಕೆಳಗೆ ಬಗ್ಗಿ ಬಂದು, ಹಳೆಯ ಪೆಟ್ಟಿಗೆಯನ್ನು ಯಾರು ಯಾರು ಮುಟ್ಟಿದ್ದಾರೆಂಬ ಪಟ್ಟಿ ತೆಗೆಸಿದರು. ಗಂಟೆ ಹೊಡೆಯದಿದ್ದರೂ ಯಂತ್ರ ಎಲ್ಲವನ್ನೂ ಬರೆದಿಟ್ಟುಕೊಂಡಿತ್ತು. ಪಟ್ಟಿಯುದ್ದಕ್ಕೂ ಒಂದೇ ಹೆಸರು: ಉಗ್ರಾಣ. ಎಲ್ಲ ಮಂಗಳವಾರಗಳು, ನಡುವೆ ಒಂದು ಬುಧವಾರ. ನಿಜವಾದ ನಕ್ಷೆ ಇಟ್ಟಿದ್ದ ಯಂತ್ರದ ಪಟ್ಟಿ ನೋಡಿದರೆ, ಆ ಬುಧವಾರದ ಮರುದಿನವೇ ನಕ್ಷೆ ಹೊರಗೆ ಹೋಗಿತ್ತು.

"ತಿಂಗಳುಗಟ್ಟಲೆ ತಾಲೀಮು ಮಾಡಿದಾನೆ ನೋಡಿ" ಎಂದರು ಮ್ಯಾನೇಜರು. "ಅದಿರಲಿ, ನಿಮ್ಮ ಗಂಟೆ ಯಾಕೆ ಹೊಡೀಲಿಲ್ಲ?"

"ನೋಡ್ತೀನಿ ಸಾರ್" ಎಂದರು ವೈರಕ್ಕ.

ಅಂದು ಸಂಜೆಯೇ ಎಣಿಕೆಯಣ್ಣನಿಂದ ಉಗ್ರಾಣದ ಬೀಗದ ಕೈ ತೆಗೆದುಕೊಂಡರು. ಸೋಮವಾರ ವಿಚಾರಣೆ. ಅವರ ನಿವೃತ್ತಿಗೆ ಹದಿನಾಲ್ಕು ತಿಂಗಳು ಉಳಿದಿತ್ತು. ಮೂವತ್ತಾರು ವರ್ಷ ಒಂದು ತಿರುಪನ್ನೂ ಕಳೆಯದ ಮನುಷ್ಯ ಗೇಟಿನಲ್ಲಿ ಚೀಲ ಬಿಚ್ಚಿ ತೋರಿಸಿ ಹೊರಗೆ ನಡೆದರು.

ಶನಿವಾರ ನಾವಿಬ್ಬರೂ ಅವರ ಮನೆಗೆ ಹೋದೆವು. ಅತ್ತಿಗೆ ಬಾಗಿಲು ತೆಗೆದರು, ಒಳಗೆ ಬನ್ನಿ ಎನ್ನಲಿಲ್ಲ, ಪಕ್ಕಕ್ಕೆ ಸರಿದರು. ಎಣಿಕೆಯಣ್ಣ ಮಂಚದ ಮೇಲೆ ಕೂತು ಮಡಿಸಿದ ಬಟ್ಟೆಗಳನ್ನು ಮತ್ತೆ ಮಡಿಸುತ್ತಿದ್ದರು.

"ಅಣ್ಣಾ, ಆ ಪೆಟ್ಟಿಗೆ ಯಾಕೆ ತೆಗೀತಿದ್ರಿ?" ವೈರಕ್ಕ ಕೊನೆಗೂ ಕೇಳಿದರು.

"ಎಣಿಸೋಕೆ."

"ಎಣಿಸೋಕಾ?"

"ಮತ್ತೆ? ಪಟ್ಟೀಲಿ ಒಂದು ದಿನ ಹೊಸ ಹೆಸರು ಬಂತು. ಯಾರದು ಅಂತ ನಾಲ್ಕು ವಿಭಾಗದಲ್ಲಿ ಕೇಳಿದೆ, ಯಾರೂ ನಮ್ಮದು ಅನ್ನಲಿಲ್ಲ. ಯಾರದೂ ಅಲ್ಲದ ಸಾಮಾನು ಉಗ್ರಾಣದ್ದು ತಾನೇ? ನಾಳೆ ಒಂದು ಕಡಿಮೆಯಾದ್ರೆ ಯಾರನ್ನ ಕೇಳ್ತಾರೆ? ನನ್ನನ್ನ." ಹಾಸಿಗೆಯ ಕೆಳಗಿನಿಂದ ಒಂದು ಪುಟ್ಟ ಪುಸ್ತಕ ತೆಗೆದುಕೊಟ್ಟರು. "ನಿನ್ನೆ ಚೀಲ ಬಿಚ್ಚಿದಾಗ ಇದನ್ನೂ ನೋಡಿದ್ರು. ಮುದುಕನ ಗೀಚು ಅಂತ ವಾಪಸ್ ಕೊಟ್ಟರು."

ಪ್ರತಿ ಮಂಗಳವಾರದ ತಾರೀಕು, ಎದುರಿಗೆ ೨೧೪, ಪಕ್ಕದಲ್ಲಿ ಸಹಿ. ಒಂದು ಕಡೆ ಮಾತ್ರ ನಾಲ್ಕು ಮಾತು ಹೆಚ್ಚಿತ್ತು: '೨೧೪ ಇದೆ. ಆದರೆ ಬುಧವಾರ ಮಧ್ಯಾಹ್ನ ೩:೨೦ಕ್ಕೆ ಎಲ್ಲವನ್ನೂ ಯಾರೋ ತೆರೆದಿದ್ದಾರೆ. ನಾನು ಅಂದು ಕಣ್ಣಿನ ಆಸ್ಪತ್ರೆಯಲ್ಲಿ. ತಂಗಿಗೆ ಹೇಳಬೇಕು.' ಅದರ ಕೆಳಗೆ, ಬೇರೆ ಶಾಯಿಯಲ್ಲಿ: 'ಹೇಳಿದೆ.'

ವೈರಕ್ಕ ಆ ಕೊನೆಯ ಮಾತಿನ ಮೇಲೆ ಬೆರಳಿಟ್ಟುಕೊಂಡು ಕೂತುಬಿಟ್ಟರು.

"ಅಳಬೇಡ ಕಣೇ. ರಜಾ ಚೀಟಿ ಇದೆ, ಅದನ್ನ ತೋರಿಸಿದ್ರೆ ಸಾಕು" ಎಂದರು ಅಣ್ಣ.

ರಜಾ ಚೀಟಿ ಬುಧವಾರಕ್ಕೆ ಉತ್ತರ ಹೇಳುತ್ತಿತ್ತು. ಮಂಗಳವಾರಗಳಿಗೆ ಅಲ್ಲ. ಬೇರೆ ಯಾರನ್ನೋ ಕೂರಿಸಿಹೋಗಿದ್ದ ಎಂದು ವಿಚಾರಣೆಯವರು ಅಂದರೆ ಮುಗಿಯಿತು. ಮೊದಲ ಮಂಗಳವಾರದಿಂದಲೇ ಇದು ನಮಗೆ ಗೊತ್ತಿತ್ತು, ಕದ್ದುಮುಚ್ಚಿ ನಡೆದದ್ದಲ್ಲ ಎಂದು ಹೇಳಬೇಕಾದವರು ಆ ಸಾಲು ಬರೆದ ವೈರಕ್ಕನೇ. ಹಾಗೆ ಹೇಳಿದರೆ ಗಂಟೆ ಏಕೆ ಹೊಡೆಯಲಿಲ್ಲ ಎಂಬುದನ್ನೂ ಹೇಳಬೇಕು.

ಭಾನುವಾರ ಅವರು ಎಲ್ಲವನ್ನೂ ಅಪ್ಪನ ಮುಂದೆ ಇಟ್ಟರಂತೆ. ಮುದುಕರು ಬೀದಿ ನೋಡುತ್ತಲೇ ಕೇಳಿಸಿಕೊಂಡರು. "ಗೋದಾಮಿನ ಹಿಂದೆ ಒಂದು ಬೆಕ್ಕಿತ್ತು" ಎಂದರು. "ದಿನಾ ನೂಲು ಹರೀತಿತ್ತು. ದಿನಾ ನಾನು ಹೋಗಿ, ಬೆಕ್ಕೇ ಹೌದಾ ಅಂತ ಹೆಜ್ಜೆ ನೋಡಿ, ಮತ್ತೆ ಕಟ್ತಿದ್ದೆ. ಜೊತೆಯವರು ನಗ್ತಿದ್ರು, ಬೆಕ್ಕು ಹೋಗೋಷ್ಟು ಜಾಗ ಬಿಟ್ಟು ಕಟ್ಟಯ್ಯಾ ಅಂತ. ನಾನು ಬಿಡಲಿಲ್ಲ. ಬೆಕ್ಕು ನುಸುಳೋ ಜಾಗದಲ್ಲಿ ಬೆಕ್ಕು ಒಂದೇ ನುಸುಳುತ್ತೆ ಅಂತ ಏನು ಗ್ಯಾರಂಟಿ?"

ಸೋಮವಾರ ವಿಚಾರಣೆಯ ಕೋಣೆಯಲ್ಲಿ ಮುಖ್ಯ ಕಚೇರಿಯಿಂದ ಬಂದ ಅಧಿಕಾರಿ, ಮ್ಯಾನೇಜರು, ಎಣಿಕೆಯಣ್ಣ ಇದ್ದರು. ನಾನು ಕಾಗದ ಹಿಡಿದು ಬಾಗಿಲ ಬಳಿ ನಿಂತಿದ್ದೆ. ವೈರಕ್ಕ ಕೂರಲಿಲ್ಲ.

"ಗಂಟೆ ಕೆಟ್ಟಿರಲಿಲ್ಲ ಸಾರ್. ನಾನೇ ಬಾಯಿ ಮುಚ್ಚಿಸಿದ್ದೆ" ಎಂದರು. ಎರಡು ಮಂಗಳವಾರ ಹೊಡೆದದ್ದು, ಅಣ್ಣನನ್ನು ಕೇಳದೆ ಬಿಟ್ಟದ್ದು, ಬರೆದ ಆ ಒಂದು ಸಾಲು, ಅವರೇ ಬಂದು ಹೇಳಿದಾಗ ಮಾತು ಮರೆಸಿದ್ದು, ಎಲ್ಲವನ್ನೂ ತಾರೀಕಿನ ಸಮೇತ ಹೇಳಿದರು. "ಆ ಸಾಲು ಇಲ್ಲದಿದ್ರೆ ಬುಧವಾರ ಮೂರೂ ಇಪ್ಪತ್ತಕ್ಕೆ ಗಂಟೆ ಹೊಡೀತಿತ್ತು. ನಾನು ಓಡಿಹೋಗಿ ನೋಡಿದ್ರೆ ಕುರ್ಚಿ ಖಾಲಿ ಇರ್ತಿತ್ತು. ಅಲ್ಲಿಗೇ ಗೊತ್ತಾಗ್ತಿತ್ತು, ಇದು ಹೊರಗಿನವರ ಕೆಲಸ ಅಂತ. ನಕ್ಷೆ ಹೋಗಿದ್ದು ಮರುದಿನ."

ಅಧಿಕಾರಿ ಪುಟ್ಟ ಪುಸ್ತಕವನ್ನು ಹಾಳೆ ಹಾಳೆಯಾಗಿ ತಿರುಗಿಸಿದರು. ಎಣಿಕೆಯಣ್ಣನ ಕಡೆ ನೋಡಿ, "ಆ ನಕ್ಷೆಗಳೆಲ್ಲ ಸುಳ್ಳು ಅಂತ ಗೊತ್ತಿತ್ತಾ ನಿಮಗೆ?" ಎಂದು ಕೇಳಿದರು.

ಅಣ್ಣ ವೈರಕ್ಕನನ್ನು ದುರುಗುಟ್ಟಿ ನೋಡಿದರು. "ಸುಳ್ಳಾ? ಇಷ್ಟು ದಿನ ನಾನು ಎಣಿಸಿದ್ದು ಸುಳ್ಳನ್ನಾ? ಒಂದು ಮಾತು ಹೇಳೋಕಾಗಲಿಲ್ವೇನೇ ನಿಂಗೆ!"

ಆ ಕೋಣೆಯಲ್ಲಿ ಯಾರೋ ಮೊದಲ ಬಾರಿಗೆ ನಕ್ಕರು. ಮ್ಯಾನೇಜರೇ ಇರಬೇಕು.

ಉಗ್ರಾಣದ ಕಂಪ್ಯೂಟರನ್ನು ಬಿಚ್ಚಿ ನೋಡಿದಾಗ ದಾರಿ ಸಿಕ್ಕಿತು. ಸಾಮಾನು ಸಾಗಿಸುವವರ ರಶೀದಿಯಂತೆ ಕಾಣುವ ಒಂದು ಪತ್ರ ಬಂದಿತ್ತು, ಅಣ್ಣ ಅದನ್ನು ತೆರೆದಿದ್ದರು, ಅದರೊಳಗಿಂದ ನುಗ್ಗಿದವರು ದೂರದಿಂದಲೇ ಆ ಕಂಪ್ಯೂಟರನ್ನು ನಡೆಸಿದ್ದರು. ಅಣ್ಣನ ಜಾಗದಲ್ಲಿ ಯಾರಿದ್ದರೂ ಆ ಪತ್ರ ತೆರೆಯುತ್ತಿದ್ದರು. ಬೀಗದ ಕೈ ಅವರಿಗೆ ವಾಪಸ್ಸಾಯಿತು. ವೈರಕ್ಕನಿಗೆ ಎಚ್ಚರಿಕೆಯ ಪತ್ರ ಬಂತು, ಆ ವರ್ಷದ ಬಡ್ತಿ ಹೋಯಿತು, ಪೇಟೆಂಟಿನ ಅರ್ಜಿ ಕಪಾಟು ಸೇರಿತು. ಹೋದ ನಕ್ಷೆ ಹೋಯಿತು. ಅದಕ್ಕೆ ಯಾರಿಂದಲೂ ಏನೂ ಮಾಡಲಾಗಲಿಲ್ಲ.

ವೈರಕ್ಕ ಪೆಟ್ಟಿಗೆಯನ್ನು ಬಿಡಲಿಲ್ಲ. ಒಂದು ವರ್ಷ ಕೂತು ಮತ್ತೆ ಕಟ್ಟಿದರು. ಈಗ ಅದರಲ್ಲಿ ಯಾರ ಹೆಸರಿಗೂ ಗಂಟೆ ನಿಲ್ಲಿಸಲು ಬರುವುದಿಲ್ಲ. ಗಂಟೆ ಹೊಡೆದರೆ ಅದನ್ನು ಸುಮ್ಮನಾಗಿಸಲು ಒಂದೇ ದಾರಿ: ಮುಟ್ಟಿದ ಕಂಪ್ಯೂಟರಿನ ಮುಂದೆ ಕೂತವರೊಡನೆ ಮಾತಾಡಬೇಕು, ಅವರು ಕೊಟ್ಟ ಉತ್ತರವನ್ನು ಬರೆಯಬೇಕು, ಎರಡನೆಯವರೊಬ್ಬರು ಅದನ್ನು ಓದಿ ಒಪ್ಪಬೇಕು. ಜೊತೆಗೆ, ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ ಒಬ್ಬರು ಪೆಟ್ಟಿಗೆ ತೆರೆದು ಎಣಿಸಬೇಕು. ಗಂಟೆ ಬದುಕಿದೆಯೇ ಎಂಬುದು ಅದರಿಂದಲೇ ತಿಳಿಯುತ್ತದೆ. ಆ ದಿನ ಹೊಡೆಯದಿದ್ದರೆ ಅದೇ ಅಪಾಯದ ಸೂಚನೆ.

ಮುಖ್ಯ ಕಚೇರಿ ಈ ಸಲ ಅರ್ಜಿ ಕಳಿಸಿತು. ಕಂಡುಹಿಡಿದವರ ಹೆಸರು ಎಂಬಲ್ಲಿ ವೈರಕ್ಕ ಎರಡು ಹೆಸರು ಬರೆದರು. ಸಹಿ ಮಾಡಿಸಲು ಹೋದಾಗ, ಇಷ್ಟರಲ್ಲಿ ನಿವೃತ್ತರಾಗಿದ್ದ ಎಣಿಕೆಯಣ್ಣ ಕಾಗದವನ್ನು ದೂರ ಹಿಡಿದು ಓದಿ, "ನಾನೇನು ಕಂಡುಹಿಡಿದೆ? ಎಣಿಸಿದೆ ಅಷ್ಟೇ" ಎಂದರು. ಸಹಿಯನ್ನೇನೋ ಮಾಡಿದರು, ಪಕ್ಕದಲ್ಲಿ ತಾರೀಕನ್ನೂ ಹಾಕಿದರು.

ಎಣಿಸುವ ಕೆಲಸಕ್ಕೆ ಹೊಸಬರನ್ನು ನೇಮಿಸಲು ವೈರಕ್ಕ ಒಪ್ಪಲಿಲ್ಲ. ಮಂಗಳವಾರ ಬೆಳಿಗ್ಗೆ ಅಣ್ಣ ಕಾರ್ಖಾನೆಗೆ ಬಂದು, ಉಗ್ರಾಣದ ಮೂಲೆಯ ಕುರ್ಚಿಯಲ್ಲಿ ಕೂರುತ್ತಾರೆ. ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ನಮ್ಮ ಮೇಜಿನ ಮೇಲೆ ಹಿತ್ತಾಳೆಯ ಗಂಟೆ ಹೊಡೆಯುತ್ತದೆ. ಯಾರೆಂದು ಚೆನ್ನಾಗಿ ಗೊತ್ತಿದ್ದರೂ ವೈರಕ್ಕ ಫೋನ್ ಎತ್ತುತ್ತಾರೆ.

"ಯಾರು?"

"ಇನ್ಯಾರು, ನಾನು."

"ಎಷ್ಟಿದೆ ಅಣ್ಣಾ?"

"ಇರು ತಂಗೀ, ಇನ್ನೂ ಎಣಿಸ್ತಾ ಇದೀನಿ."