ಖಣ ಸಾಲಂಗಿಲ್ಲ ಅನ್ನಬೇಕಾಗಿತ್ತು

ಎಪ್ಪತ್ತರ ದಶಕದ ಮಾತು. ಸಂಶಿಯ ಹೈಸ್ಕೂಲಿನಲ್ಲಿ ನಾನು ಕೊನೆಯ ವರ್ಷ ಓದುತ್ತಿದ್ದೆ. ದೀಪಾವಳಿ ಸೂಟಿ ಮುಗಿದ ಮೇಲೆ ಧಾರವಾಡದಿಂದ ಒಬ್ಬ ಸಾಹೇಬರು ತಗಡಿನ ಟ್ರಂಕು ಹೊರಿಸಿಕೊಂಡು ಶಾಲೆಗೆ ಬಂದರು. ಮಾಸ್ತರಿಕೆ ಕಲಿಸುವ ಕಾಲೇಜಿನಲ್ಲಿ ಪಾಠ ಹೇಳುವವರಂತೆ. ಯಾವ ಹುಡುಗ, ಯಾವ ಹುಡುಗಿ ಯಾವ ಕೆಲಸಕ್ಕೆ ಲಾಯಕ್ಕು ಎಂಬುದನ್ನು ಪರೀಕ್ಷೆ ಮಾಡಿ ಹೇಳುವ ವಿದ್ಯೆ ಅವರದು. ಅಲ್ಲಿಯವರೆಗೆ ನಮ್ಮೂರಲ್ಲಿ ಅಂಥ ಮಾತು ಹೇಳುತ್ತಿದ್ದವನು ಸಂತೆಗೆ ಬರುವ ಗಿಣಿಶಾಸ್ತ್ರದವನೊಬ್ಬನೇ. ಅವನ ಗಿಣಿ ಗಂಡಸರಿಗೆ ಸರಕಾರಿ ನೌಕರಿ, ಹೆಂಗಸರಿಗೆ ಗಂಡು ಸಂತಾನ ಬಿಟ್ಟು ಬೇರೆ ಚೀಟಿ ಎತ್ತಿದ್ದನ್ನು ನಾನು ಕಂಡಿಲ್ಲ.

ಸಾಹೇಬರು ಕರಿಹಲಗೆಯ ಮೇಲೆ ‘ಅಭಿಕ್ಷಮತೆ’ ಎಂದು ಬರೆದರು. ಯಾರಿಗೂ ತಿಳಿಯಲಿಲ್ಲ. ಎರಡು ಮೂರು ಬಗೆಯಲ್ಲಿ ವಿವರಿಸಿ ಸೋತು, ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಅಂತಾರಲ್ಲ, ಅದೇ ಇದು ಅಂದರು. ಇಡೀ ವರ್ಗ ನಕ್ಕಿತು. ನಮ್ಮ ಕಡೆ ಆ ಗಾದೆಯನ್ನು ಕಳ್ಳತನ ಬಿಡದವರಿಗೆ, ಜಗಳಗಂಟಿಯರಿಗೆ ಹೇಳುತ್ತಾರೆಯೇ ಹೊರತು ಒಳ್ಳೆಯದಕ್ಕಲ್ಲ. ಸಾಹೇಬರು ನಗಲಿಲ್ಲ. ಕೆಲಸ ಕಂಡ ಕೂಡಲೆ, ಮನಸ್ಸು ಹೂಂ ಅನ್ನುವ ಮೊದಲೇ ಕೈ ತಾನಾಗಿ ಮಾಡಿಬಿಡುತ್ತದಲ್ಲ, ಅದು ನಿಮ್ಮ ಗುಣ. ನೀವು ಬೇಡವೆಂದರೂ ಅದು ನಿಮ್ಮನ್ನು ಬಿಡುವುದಿಲ್ಲ ಎಂದರು. ಆ ಮಾತು ನನಗೆ ಆಗ ಬಹಳ ಹಿಡಿಸಿತ್ತು. ಈಗ ನೆನೆದರೆ ಸಿಟ್ಟು ಬರುತ್ತದೆ.

ಮೊದಲು ಒಂದು ಅಚ್ಚುಹಾಕಿದ ಹಾಳೆ ಕೊಟ್ಟರು. ಅದರ ತುಂಬ ಕೆಲಸಗಳ ಹೆಸರು. ಒಂದೊಂದರ ಮುಂದೆ ಇಷ್ಟ, ಇಷ್ಟವಿಲ್ಲ ಎಂದು ಗುರುತು ಹಾಕಬೇಕು. ನಾವೆಲ್ಲ ಎಲ್ಲದಕ್ಕೂ ಇಷ್ಟ ಎಂದೇ ಹಾಕಿ ಕೊಟ್ಟೆವು. ಊರಿಗೆ ಬಂದ ದೊಡ್ಡವರು ಏನಾದರೂ ಕೇಳಿದರೆ ಒಲ್ಲೆ ಅನ್ನಬಾರದು ಎಂದು ಮನೆಯಲ್ಲಿ ಕಲಿತವರು ನಾವು. ನಾನಂತೂ ಬಾವಿ ತೋಡುವುದೂ ಇಷ್ಟ, ಹಲ್ಲು ಕೀಳುವುದೂ ಇಷ್ಟ ಎಂದು ಹಾಕಿದ್ದೆ. ಸಾಹೇಬರು ಹಾಳೆಗಳನ್ನು ತಿರುವಿ ಹಾಕಿ ಹಣೆ ಒತ್ತಿಕೊಂಡರು. ನಿಮಗೆ ಏನು ಬೇಡ ಅನ್ನುವುದಾದರೂ ಗೊತ್ತಿಲ್ಲವೇ ಎಂದು ಕೇಳಿದರು. ಗೊತ್ತಿತ್ತು. ಆದರೆ ಅಲ್ಲಿಯವರೆಗೆ ಕೇಳಿದವರು ಯಾರೂ ಇರಲಿಲ್ಲವಾದ್ದರಿಂದ ಹೇಳುವುದು ಹೇಗೆಂದು ತಿಳಿದಿರಲಿಲ್ಲ.

ಆಮೇಲೆ ಟ್ರಂಕು ತೆಗೆದರು. ಬಣ್ಣದ ಕಟ್ಟಿಗೆಯ ತುಂಡುಗಳು, ಗಡಿಯಾರ, ಮತ್ತೊಂದು ಕಟ್ಟು ಹಾಳೆ. ಹಾಳೆಯಲ್ಲಿ ಬಿಚ್ಚಿ ಹಾಸಿದ ಡಬ್ಬಿಗಳ ಚಿತ್ರ. ಇದನ್ನು ಮಡಚಿದರೆ ಕೆಳಗಿನ ಯಾವ ಡಬ್ಬಿಯಾಗುತ್ತದೆ ಎಂದು ಹೇಳಬೇಕು. ನನಗೆ ಅದು ಪರೀಕ್ಷೆ ಅನ್ನಿಸಲೇ ಇಲ್ಲ. ಬಾಜೂಕಿನ ಹುಡುಗಿ ಮೊದಲನೆಯದರ ಮೇಲೆ ಪೆನ್ಸಿಲು ಕಚ್ಚುತ್ತ ಕೂತಿದ್ದಾಗ ನಾನು ಹಾಳೆ ಮುಗಿಸಿ ಕೈಕಟ್ಟಿ ಕೂತಿದ್ದೆ. ಸಾಹೇಬರು ಬಂದು ನೋಡಿದರು. ಇನ್ನೊಂದು ಹಾಳೆ ಕೊಟ್ಟರು, ಅದೂ ಆಯಿತು. ಕಾಲೇಜಿನವರಿಗೆಂದು ಇಟ್ಟಿದ್ದ ಮೂರನೆಯದನ್ನು ಹುಡುಕಿ ತೆಗೆದು ಕೊಟ್ಟು ಪಕ್ಕದಲ್ಲೇ ನಿಂತರು.

ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ನಮ್ಮವ್ವ ಓಣಿಯ ಹೆಂಗಸರಿಗೆ ಖಣದ ಕುಬಸ ಹೊಲಿದು ಕೊಡುತ್ತಿದ್ದಳು. ಖಣ ಅಂದರೆ ಒಂದೇ ಕುಬಸಕ್ಕೆಂದು ನೇಯ್ದ ತುಂಡು. ಎರಡೂ ಬದಿಗೆ ಅಂಚು. ಆ ಅಂಚು ತೋಳಿನ ತುದಿಗೇ ಬರಬೇಕು, ಕೈ ಎತ್ತಿದರೆ ಬಿಗಿಯದಂತೆ ಬಗಲಿಗೆ ಇಡುವ ಮೂಲೆತುಂಡು ಅದರಲ್ಲೇ ಹೊರಡಬೇಕು, ಚಿಂದಿ ಉಳಿಯಬಾರದು. ಅವ್ವ ಕತ್ತರಿ ಹಾಕುವ ಮೊದಲು ಬಟ್ಟೆಯನ್ನು ಮಡಚುತ್ತಿದ್ದಳು, ತಿರುವುತ್ತಿದ್ದಳು, ಮತ್ತೆ ಮಡಚುತ್ತಿದ್ದಳು. ಅದನ್ನು ನೋಡುತ್ತಲೇ ಬೆಳೆದವಳು ನಾನು. ಮಡಚಿದ್ದು ನನ್ನ ಕಣ್ಣಿಗೆ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು, ಬಿಚ್ಚಿದ್ದು ತಾನಾಗಿ ಮಡಚಿಕೊಳ್ಳುತ್ತಿತ್ತು. ಎಲ್ಲರಿಗೂ ಹಾಗೇ ಕಾಣುತ್ತದೆ ಎಂದು ತಿಳಿದಿದ್ದೆ.

ಸಂಜೆ ಸಾಹೇಬರು ನಮ್ಮ ಮನೆಗೇ ಬಂದರು. ನಮ್ಮಪ್ಪ ಪ್ರಾಥಮಿಕ ಶಾಲೆಯ ಮಾಸ್ತರರು. ಕಾಲೇಜಿನವರು ತಮ್ಮ ಮನೆಯ ಕಟ್ಟೆ ಹತ್ತಿದ್ದಕ್ಕೇ ಅವರ ಕಣ್ಣು ತುಂಬಿ ಬಂದಿತ್ತು. ಸಾಹೇಬರು ಚಹಾ ಕುಡಿಯುತ್ತ, ಈ ಹುಡುಗಿ ಕಟ್ಟಡದ ನಕ್ಷೆ ಬರೆಯುವುದನ್ನು ಕಲಿಯಬೇಕು, ಹುಬ್ಬಳ್ಳಿಯಲ್ಲಿ ಕಲಿಸುತ್ತಾರೆ, ಹೆಣ್ಣುಮಕ್ಕಳನ್ನೂ ಸೇರಿಸಿಕೊಳ್ಳುತ್ತಾರೆ, ಮುಂಜಾನೆಯ ಪ್ಯಾಸೆಂಜರ್ ಗಾಡಿಗೆ ಹೋಗಿ ಸಂಜೆಯ ಗಾಡಿಗೆ ಬರಬಹುದು, ಜೂನಿನಲ್ಲಿ ಸೀಟಿನ ವ್ಯವಸ್ಥೆ ನಾನೇ ನೋಡುತ್ತೇನೆ ಎಂದರು. ಇಂಥ ಕಣ್ಣು ಇಷ್ಟು ಶಾಲೆ ತಿರುಗಿದರೂ ಸಿಕ್ಕಿಲ್ಲ ಎಂದೂ ಅಂದರು. ಅಪ್ಪ ಕೈಮುಗಿದು, “ನೋಡೂಣ್ರಿ” ಅಂದರು. ಸಾಹೇಬರು ಸಂತೋಷದಿಂದ ಎದ್ದು ಹೋದರು. ಇಷ್ಟೆಲ್ಲ ಪರೀಕ್ಷೆ ಮಾಡುವವರಿಗೆ, ನಮ್ಮ ಕಡೆ ನೋಡೂಣು ಅಂದರೆ ಅಲ್ಲಿಗೆ ಮುಗಿಯಿತು ಎಂಬುದು ತಿಳಿಯಲಿಲ್ಲವಲ್ಲ ಎಂದು ನನಗೆ ಆಶ್ಚರ್ಯ.

ಅಪ್ಪನಿಗೆ ಮಗಳ ಮೇಲೆ ಹೆಮ್ಮೆ ಇರಲಿಲ್ಲ ಅಂತಲ್ಲ. ಅದು ವಿಪರೀತವಿತ್ತು, ಅದೇ ಮುಳುವಾಯಿತು. ಹಿಟ್ಟಿನ ಗಿರಣಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಕುಂದಗೋಳದಲ್ಲಿ ಪಗಾರ ತರಲು ಹೋದಲ್ಲಿ, ಎಲ್ಲೆಡೆಯೂ ಮಗಳು ಧಾರವಾಡದ ಪರೀಕ್ಷೆಯಲ್ಲಿ ಮೊದಲು ಬಂದಳು ಎಂದು ಹೇಳಿದ್ದೇ ಹೇಳಿದ್ದು. ಯಾವುದರಲ್ಲಿ ಮೊದಲು ಎಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಬಾಯಿಂದ ಬಾಯಿಗೆ ಹೋಗಿ ಅದು ಕಲಘಟಗಿಯ ಆಚೆ ದೇವಿಕೊಪ್ಪಕ್ಕೆ ಮುಟ್ಟುವಷ್ಟರಲ್ಲಿ, ಸಂಶಿ ಮಾಸ್ತರರ ಮಗಳು ಬಲು ಕೈಚಳಕದವಳು, ಧಾರವಾಡದವರೇ ನೋಡಿ ಪಾಸು ಮಾಡಿದ್ದಾರೆ ಎಂದಾಗಿತ್ತು. ಅಲ್ಲೊಂದು ಭತ್ತದ ಗದ್ದೆಯ ಮನೆತನ. ಸೊಸಾಯಿಟಿಯಲ್ಲಿ ಕಾರಕೂನನಾಗಿದ್ದ ಹುಡುಗನಿಗೆ ಹೆಣ್ಣು ಹುಡುಕುತ್ತಿದ್ದರು. ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ನೋಡಲು ಬರುತ್ತೇವೆಂದು ಹೇಳಿ ಕಳಿಸಿದರು.

ಆ ಚಳಿಗಾಲವೆಲ್ಲ ನಾನು ಹುಬ್ಬಳ್ಳಿಯ ಕನಸಿನಲ್ಲೇ ಇದ್ದೆ. ಮುಂಜಾನೆ ಸ್ಟೇಶನ್ನಿನ ಕಡೆ ನೀರಿಗೆ ಹೋದಾಗ ಗಾಡಿ ಬಂದರೆ ಕೊಡ ಇಳಿಸಿ ನಿಂತು ಬಿಡುತ್ತಿದ್ದೆ. ಮನೆಯ ಒಲೆ, ಪಡಸಾಲೆ, ದನ ಕಟ್ಟುವ ಜಾಗ ಎಲ್ಲವನ್ನೂ ಮೇಲಿನಿಂದ ನೋಡಿದಂತೆ ಹಾಳೆಯ ಮೇಲೆ ಬರೆಯುತ್ತಿದ್ದೆ. ದೇವಿಕೊಪ್ಪದ ಸುದ್ದಿ ಬಂದಾಗ ಊಟ ಬಿಟ್ಟು ಕೂತೆ. ಹಟ ಮಾಡಿದ್ದು ಅದೇ ಮೊದಲು. ಅಪ್ಪನಿಗೆ ಸಿಟ್ಟು ಬರಲಿಲ್ಲ, ದುಃಖವಾಯಿತು. ಕೊನೆಗೆ ನನ್ನ ಮುಂದೆ ಕೂತು ಅಂದರು:

“ಮಂದಿ ಬರತೇವಿ ಅಂದಾರ, ಬ್ಯಾಡ ಅನ್ನಾಕ ಬರಂಗಿಲ್ಲ. ಇದೊಂದ ಸಂಬಂಧ ನೋಡೂಣು. ಅವರು ಒಲ್ಲೆ ಅಂದ್ರ, ಆಣಿ ಮಾಡಿ ಹೇಳ್ತೀನಿ, ಜೂನ್‌ದಾಗ ಹುಬ್ಬಳ್ಳಿಗೆ ಕಳಸ್ತೀನಿ.”

ಅಪ್ಪ ಆಣೆ ಮಾಡಿದರೆ ತಪ್ಪುವವರಲ್ಲ. ಹಾಗಾಗಿ ನನ್ನ ದಾರಿ ಸುಲಭವಾಯಿತು. ಅವರು ಒಲ್ಲೆ ಅನ್ನಬೇಕು, ಅಷ್ಟೇ. ಆ ಮನೆಯಲ್ಲಿ ನಡೆಯುವುದು ಹುಡುಗನ ಅಜ್ಜಿಯ ಮಾತು. ಆಕೆ ಹಿಂದೆ ನೋಡಿದ ಒಂದು ಹುಡುಗಿಯನ್ನು, ಆರಿಸಿದ ಅಕ್ಕಿಯಲ್ಲಿ ಒಂದು ಹರಳು ಬಿಟ್ಟಳೆಂದು ಬೇಡ ಅಂದಿದ್ದಳಂತೆ. ನನಗೂ ಬೇಕಾಗಿದ್ದು ಒಂದು ಹರಳು. ಅಕ್ಕಿ ಕೊಟ್ಟರೆ ಹರಳು ಬಿಡುವುದು, ಸೂಜಿ ಕೊಟ್ಟರೆ ದಾರ ಪೋಣಿಸದೆ ಕೂಡುವುದು, ರೊಟ್ಟಿ ಬಡಿ ಅಂದರೆ ಹರಿಯುವುದು ಎಂದು ಲೆಕ್ಕ ಹಾಕಿದ್ದೆ. ಅವ್ವನಿಗೆ ಹೇಳಲಿಲ್ಲ. ಅವಳೂ ಏನೂ ಕೇಳಲಿಲ್ಲ.

ಬಂದರು. ಹುಡುಗ ತಲೆ ತಗ್ಗಿಸಿ ಕೂತಿದ್ದ. ಅಜ್ಜಿ ಅಕ್ಕಿಯನ್ನೂ ಕೇಳಲಿಲ್ಲ, ಸೂಜಿಯನ್ನೂ ಕೇಳಲಿಲ್ಲ. ಉಡಿಯಿಂದ ಒಂದು ಗಂಟು ತೆಗೆದು ಬಿಚ್ಚಿದಳು. ಹಳೆಯದೊಂದು ಖಣ. ಕೆಂಪು ಮೈ, ಹಸಿರು ಅಂಚು. ಒಂದು ಮೂಲೆಯನ್ನು ಇಲಿ ಕಡಿದು ಹಾಕಿತ್ತು. ತನ್ನ ತವರಿನಿಂದ ಬಂದದ್ದು, ಪೆಟ್ಟಿಗೆಯಲ್ಲೇ ಉಳಿಯಿತು ಅಂದಳು. ಕಲಘಟಗಿಯ ಇಬ್ಬರು ದರ್ಜಿಗಳು ಇದರಲ್ಲಿ ಕುಬಸ ಆಗುವುದಿಲ್ಲ ಎಂದು ವಾಪಸು ಕೊಟ್ಟಿದ್ದರಂತೆ. ಅದನ್ನು ನನ್ನ ಮುಂದಿನ ಚಾಪೆಯ ಮೇಲೆ ಹಾಸಿದಳು.

“ನೀ ಭಾಳ ಶಾಣೇಕಿ ಅಂತ ಕೇಳೇನಿ. ಇದರಾಗ ಕುಬಸ ಬರತೈತೇನು, ನೋಡಿ ಹೇಳ ಯವ್ವಾ.”

ಸಾಲಂಗಿಲ್ರಿ ಅಂದರೆ ಮುಗಿದಿತ್ತು. ಅದು ಸುಳ್ಳು ಎಂದು ಯಾರೂ ಅನ್ನುವಂತಿರಲಿಲ್ಲ, ಇಬ್ಬರು ದರ್ಜಿಗಳು ನನ್ನ ಬೆನ್ನಿಗಿದ್ದರು. ಅಷ್ಟು ಸುಲಭದ ಸುಳ್ಳನ್ನು ದೇವರು ಎಲ್ಲರಿಗೂ ಒದಗಿಸಿ ಕೊಡುವುದಿಲ್ಲ. ಮಾತು ಬಾಯಿಗೆ ಬಂದಿತ್ತು. ಆದರೆ ಹೇಳುವ ಮೊದಲು ಒಮ್ಮೆ ಖಣ ನೋಡಿದೆ. ನೋಡಬಾರದಿತ್ತು.

ತೋಳುಗಳನ್ನು ಎಲ್ಲರಂತೆ ಉದ್ದಕ್ಕೆ ತೆಗೆಯದೆ ಅಡ್ಡಕ್ಕೆ ತಿರುವಿದರೆ, ಇಲಿ ಕಡಿದ ಮೂಲೆ ಸೀದಾ ಕೊರಳಿನ ಕಡೆ ಬರುತ್ತಿತ್ತು. ಕೊರಳಿಗೆ ಹೇಗೂ ಬಟ್ಟೆ ಕತ್ತರಿಸಿ ಹಾಕುವುದೇ. ಹಾಗೆ ಮಾಡಿದರೆ ಕೆಳಗೆ ಮೂಲೆತುಂಡಿಗೂ ಜಾಗ ಉಳಿಯುತ್ತಿತ್ತು. ಇದೆಲ್ಲ ಹೊಳೆದದ್ದು ಮೊದಲೋ ಕೈ ಹೋದದ್ದು ಮೊದಲೋ ನನಗೆ ಇಂದಿಗೂ ಗೊತ್ತಿಲ್ಲ. ನೋಡುತ್ತಿದ್ದಂತೆ ನನ್ನ ಎರಡೂ ಕೈ ಖಣದ ಮೇಲಿದ್ದವು. ಮಡಚಿದವು, ತಿರುವಿದವು, ಅಂಚಿಗೆ ಅಂಚು ಕೂಡಿಸಿದವು, ಉಗುರಿನಿಂದ ಗೆರೆ ಒತ್ತಿದವು. ಬಿಟ್ಟು ಎದ್ದಾಗ ಚಾಪೆಯ ಮೇಲೆ ಕುಬಸ ಬಿದ್ದಿತ್ತು, ಕತ್ತರಿಸಿ ಹೊಲಿಯುವುದಷ್ಟೇ ಬಾಕಿ.

ಅಜ್ಜಿ ಬಗ್ಗಿ ಒಂದೊಂದೇ ಮಡಿಕೆ ಮುಟ್ಟಿ ನೋಡಿದಳು. ಆಮೇಲೆ ಅಪ್ಪನ ಕಡೆ ತಿರುಗಿ, “ಬಂತಲ್ರೀ ಮಾಸ್ತರ್ರ” ಅಂದಳು. ಅಪ್ಪ ನಗುತ್ತಿದ್ದರು. ಅಷ್ಟು ಸುಖದ ನಗುವನ್ನು ನಾನು ಅವರ ಮುಖದಲ್ಲಿ ಮತ್ತೆ ಕಾಣಲಿಲ್ಲ. ಸಕ್ಕರೆ ಹಂಚಿದರು. ನನ್ನ ಬಾಯಿಗೂ ಹಾಕಿದರು.

ಅವರು ಬಸ್ಸಿಗೆ ಹೋದ ಮೇಲೆ ಒಳಗೆ ಹೋದೆ. ಅವ್ವ ಒಲೆಯ ಮುಂದೆ ಕೂತಿದ್ದಳು, ಒಲೆ ಹಚ್ಚಿರಲಿಲ್ಲ. ಬಾಗಿಲ ಸಂದಿನಿಂದ ಎಲ್ಲ ನೋಡಿದ್ದಳು. ನನ್ನ ಮುಖ ನೋಡದೆ ಅಂದಳು:

“ಆ ಖಣ ನೋಡಿದ ಕೂಡಲೇ ನನಗೂ ಹಂಗ ತಿರುವಬೇಕು ಅನಿಸ್ತು. ದೇವರ, ಇಕಿ ಸಾಲಂಗಿಲ್ಲ ಅನ್ಲಿ ಅಂತ ಕೈಮುಗದ ನಿಂತಿದ್ದೆ.”

ಅವ್ವ ನನ್ನ ಕಡೆಗಿದ್ದಳೆಂದು ನನಗೆ ತಿಳಿದದ್ದು ಆಗ. ಒಂದು ದಿನ ಮೊದಲು ತಿಳಿದಿದ್ದರೂ ಏನು ಮಾಡುತ್ತಿದ್ದೆನೋ. ಕೈ ಕಟ್ಟಿ ಹಾಕಿಕೊಂಡು ಕೂಡಬೇಕಿತ್ತು. ಇಬ್ಬರೂ ಅತ್ತೆವು, ಆಮೇಲೆ ಅವ್ವ ಒಲೆ ಹಚ್ಚಿದಳು, ಅಪ್ಪನಿಗೆ ಹಸಿವೆಯಾಗಿತ್ತು.

ಮೇ ತಿಂಗಳಲ್ಲಿ ಮದುವೆಯಾಯಿತು. ಅಜ್ಜಿ ಆ ಖಣವನ್ನು ನನಗೇ ಕೊಟ್ಟಳು, ನಾನೇ ಹೊಲಿದುಕೊಂಡೆ. ದೇವಿಕೊಪ್ಪದಲ್ಲಿ ನನ್ನನ್ನು ಯಾರೂ ಹಿಂಸೆ ಮಾಡಲಿಲ್ಲ, ಅದನ್ನೂ ಹೇಳಬೇಕು. ಗಂಡ ಮೆತ್ತನ್ನ ಮನುಷ್ಯ. ಅಜ್ಜಿ ಓಣಿಯವರನ್ನೆಲ್ಲ ಕರೆದು ಮಡಿಕೆಯ ಕಥೆ ಹೇಳುತ್ತಿದ್ದಳು. ಅಂದಿನಿಂದ ಊರಲ್ಲಿ ಯಾರ ಬಟ್ಟೆ ಕಡಿಮೆ ಬಿದ್ದರೂ ನಮ್ಮ ಮನೆಗೇ ಬಂತು. ಕೊಡ್ರಿ ಆಕಿಗೆ, ಹೆಂಗರ ಮಾಡಿ ಕೂಡಸ್ತಾಳ ಎನ್ನುತ್ತಿದ್ದರು. ಕೂಡಿಸಿದೆ. ಇಂದಿಗೂ ಹೊಸ ಮನೆಯ ಪಾಯ ಗುರುತಿಸಲು ದಾರ ಹಿಡಿದದ್ದು ಕಂಡರೆ ನಾನು ಆ ದಾರಿ ಬಿಟ್ಟು ಬೇರೆ ದಾರಿ ಹಿಡಿಯುತ್ತೇನೆ.

ಮೊದಲ ಪಂಚಮಿಗೆ ತವರಿಗೆ ಬಂದಾಗ ಅಪ್ಪ ಪಡಸಾಲೆಯಲ್ಲಿ ಕೂತು ಕಾರ್ಡು ಬರೆಯುತ್ತಿದ್ದರು. ಸಾಹೇಬರು ಜೂನಿನಲ್ಲಿ ಹೆಡ್‌ಮಾಸ್ತರರ ಕಡೆಯಿಂದ ಹೇಳಿ ಕಳಿಸಿದ್ದರಂತೆ, ಹುಬ್ಬಳ್ಳಿಯಲ್ಲಿ ಮಾತಾಡಿ ಇಟ್ಟಿದ್ದೇನೆ, ಹುಡುಗಿಯನ್ನು ಕರೆದುಕೊಂಡು ಬನ್ನಿ ಎಂದು. ಉತ್ತರ ಕೊಡುವುದು ತಡವಾಯಿತೆಂದು ಅಪ್ಪನಿಗೆ ನಾಚಿಕೆ. ಬರೆದು ಮುಗಿಸಿ, ಹೇಗಾಗಿದೆ ಕೇಳು ಎಂದು ನನಗೆ ಓದಿ ಹೇಳಿದರು. ಮಗಳ ಲಗ್ನವು ಒಳ್ಳೆಯ ಮನೆತನದಲ್ಲಿ ಆಯಿತು, ತಾವು ಮಾಡಿದ ಪರೀಕ್ಷೆಯಿಂದಲೇ ಈ ಸಂಬಂಧ ಕೂಡಿ ಬಂತು, ತಮ್ಮ ಉಪಕಾರವನ್ನು ನಮ್ಮ ಮನೆ ಮರೆಯುವುದಿಲ್ಲ. ಒಂದು ಅಕ್ಷರವೂ ಸುಳ್ಳಿರಲಿಲ್ಲ. ಅಪ್ಪ ಮನಸಾರೆ ಬರೆದಿದ್ದರು.

ಚಲೋ ಐತ್ರಿ ಅಂದೆ. ಅವರಿಗೆ ಮೊಣಕಾಲು ನೋವು, ಡಬ್ಬಿಗೆ ಹಾಕಿ ಬಾ ಎಂದು ಕೊಟ್ಟರು. ಸ್ಟೇಶನ್ನಿನ ದಾರಿಯಲ್ಲಿ ನಡೆದು ಹೋಗಿ ಹಾಕಿ ಬಂದೆ. ಅಂದು ನಾನು ತೊಟ್ಟದ್ದು ಅದೇ ಖಣದ ಕುಬಸ. ಬಗಲಲ್ಲಿ ಎಲ್ಲೂ ಬಿಗಿಯುತ್ತಿರಲಿಲ್ಲ.