ಡಬ್ಬಿಯ ಹೊಟ್ಟೆಗೆ ಕುಂಕುಮ

ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ, ಕೆಳಗೆ ಲೇತ್ ಯಂತ್ರಗಳು ಕಿರುಚುವ ಕಟ್ಟಡದ ಮೊದಲ ಮಹಡಿಯಲ್ಲಿ ಕೂತು, ನಾವು ಐವತ್ತು ವರ್ಷ ಮುಂದಿನ ಕಳ್ಳರಿಗೆ ಬೀಗ ಮಾಡುತ್ತಿದ್ದೆವು. ಕ್ವಾಂಟಂ ಕಂಪ್ಯೂಟರ್ ಬಂದ ದಿನ ಇವತ್ತಿನ ಕಂಪ್ಯೂಟರ್ ಬೀಗಗಳೆಲ್ಲ ಹಪ್ಪಳದಂತೆ ಮುರಿಯುತ್ತವಂತೆ. ನಮ್ಮದು ಮುರಿಯದು. ಟಿಫಿನ್ ಕ್ಯಾರಿಯರ್‌ನಷ್ಟಿದ್ದ ಉಕ್ಕಿನ ಡಬ್ಬಿ. ಬೀಗದಕೈ ಅದರೊಳಗಿನ ಚಿಪ್‌ನಲ್ಲೇ ಹುಟ್ಟಿ ಅಲ್ಲೇ ಇರುತ್ತದೆ. ಯಾರಾದರೂ ಮುಚ್ಚಳ ಬಿಚ್ಚಿದರೆ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಆ ಅಳಿಸುವ ಏರ್ಪಾಡು ನನ್ನ ಕೈಕೆಲಸ. ಜಂಬಕ್ಕೇನೂ ಕಡಿಮೆಯಿರಲಿಲ್ಲ.

"ನಾವೇ ನಂಬ್ದಿದ್ರೆ ಗಿರಾಕಿ ಹೆಂಗ್ ನಂಬ್ತಾನೆ?" ಎಂದರು ಮಾಲೀಕರು ಒಂದು ದಿನ. ಪ್ರತಿಯೊಬ್ಬರೂ ತಮಗೆ ಬೇಕಾದ ಒಂದು ಕಡತಕ್ಕೆ ಡಬ್ಬಿಯಿಂದ ಬೀಗ ಹಾಕಿಸಿ, ಬೀಗವಿಲ್ಲದ ಪ್ರತಿ ಅಳಿಸಬೇಕೆಂದು ಅಪ್ಪಣೆಯಾಯಿತು. ಅವರು ತಮ್ಮದೇ ಭಾಷಣವೊಂದನ್ನು ಒಪ್ಪಿಸಿದರು. ನಾನು ತೀರಿಹೋದ ಅಮ್ಮನ ದನಿಯಿದ್ದ ಒಂದೇ ಒಂದು ವಾಯ್ಸ್ ಮೆಸೇಜ್ ಕೊಟ್ಟು, ಫೋನಿನಿಂದ ಅಳಿಸಿದೆ. "ಅಕ್ಕಿರೊಟ್ಟಿ ಹಾಕಿದೀನಿ, ಆರೋಗತ್ತೆ, ಬೇಗ ಬಾರೇ." ಊಟದ ಹೊತ್ತಿನಲ್ಲಿ ದಿನಾ ಡಬ್ಬಿಯಿಂದ ಬೀಗ ತೆಗೆಸಿ ಕೇಳುತ್ತಿದ್ದೆ.

ಆಯುಧಪೂಜೆ ಬಂತು. ಅಮ್ಮ ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸ್‌ನಲ್ಲಿ ದುಡಿದವಳು. ಮನೆಯ ಹೊಲಿಗೆ ಯಂತ್ರಕ್ಕೆ ಪೂಜೆ ಮಾಡುವಾಗ ಅದರ ತಳ ಬಿಚ್ಚಿ, ಧೂಳು ಒರೆಸಿ, ಎಣ್ಣೆ ಬಿಟ್ಟು, ಒಳಗೇ ಒಂದು ಬೊಟ್ಟು ಇಡುತ್ತಿದ್ದಳು. "ಮೈಗೆ ಹಚ್ಚೋದು ನೋಡೋರಿಗೆ ಕಣೇ. ಹೊಟ್ಟೆಗೆ ಹಚ್ಚಿದ್ರೇನೇ ಪೂಜೆ."

ಕಚೇರಿಯವರು ಡಬ್ಬಿಯ ಮೇಲೆ ಚೆಂಡುಹೂವಿಟ್ಟು ಕೈಮುಗಿದರು. ನನಗೆ ಸರಿಬರಲಿಲ್ಲ. ನಾಲ್ಕು ಸ್ಕ್ರೂ ಬಿಚ್ಚಿ, ಭಕ್ತಿಯಿಂದ ಮುಚ್ಚಳ ಎತ್ತಿ, ಚಿಪ್‌ನ ಪಕ್ಕದಲ್ಲಿ ಕುಂಕುಮವಿಟ್ಟೆ. ಕೈಗೆ ರೂಢಿಯಿತ್ತು, ತಲೆ ಎಲ್ಲಿತ್ತೋ! ಕೆಂಪು ದೀಪ ಒಮ್ಮೆ ಮಿನುಗಿ ಆರಿಹೋಯಿತು. ಬೀಗದಕೈ ಅಳಿಸಿಹೋಗಿತ್ತು.

ಮಾಲೀಕರು ಓಡಿಬಂದರು. ಬೈಯುತ್ತಾರೆಂದುಕೊಂಡೆ. "ಸೂಪರ್ ಕಣಮ್ಮ! ಟೆಸ್ಟ್ ಪಾಸ್ ಆಯ್ತು!" ಎಂದು ಎಲ್ಲರಿಗೂ ಕಡಲೆಪುರಿ ಹಂಚಿದರು. ಅವರ ಭಾಷಣ ಹೋದದ್ದರಿಂದ ನಾಡಿಗೇನೂ ನಷ್ಟವಾಗಲಿಲ್ಲ. ನಾನು ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡು ಅತ್ತೆ.

ಬೀಗ ಬಿದ್ದ ಆ ಕಡತ ಈಗಲೂ ನನ್ನ ಬಳಿ ಇದೆ. ಹಾಕಿದರೆ ಬರೀ ಗೊರಗೊರ ಸದ್ದು. ಎಂಥ ಕ್ವಾಂಟಂ ಕಂಪ್ಯೂಟರ್ ಬಂದರೂ ನಮ್ಮ ಬೀಗ ಮುರಿಯದು ಎಂದು ಇಂದಿಗೂ ಗಿರಾಕಿಗಳ ಮುಂದೆ ಎದೆ ತಟ್ಟಿ ಹೇಳುತ್ತೇನೆ. ಸಂಜೆ ಮನೆಯಲ್ಲಿ ದೀಪ ಹಚ್ಚುವಾಗ, ನಾನು ಹೇಳಿದ್ದು ಸುಳ್ಳಾಗಲಪ್ಪ ಎಂದು ಬೇಡಿಕೊಳ್ಳುತ್ತೇನೆ.